ವಚನ ಸಿಕ್ಕಿತು, ಮುಂದೇನು? ಸರಿ-ತಪ್ಪು ತೀರ್ಮಾನಿಸುವಾಗ ಕ್ರೈಸ್ತರು ಬೈಬಲನ್ನು ಹೇಗೆ ಓದುತ್ತಾರೆ

ನೂರಕ್ಕೂ ಜಾಸ್ತಿ ವರ್ಷಗಳ ಹಿಂದಿನ ಮಾತು. ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬ ಹುಡುಗ ತನ್ನ ಅಜ್ಜಿಗೆ ಬೈಬಲ್ ಓದಿ ಹೇಳುತ್ತಿದ್ದ. ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಅಂತರ್ಯುದ್ಧ ಮುಗಿಯುವ ತನಕ ಗುಲಾಮಳಾಗಿ ಬದುಕಿದವಳು. ವಾರಕ್ಕೆ ಎರಡು ಮೂರು ಸಲ ಓದಿಸಿಕೊಳ್ಳುತ್ತಿದ್ದಳು, ಆದರೆ ಯಾವ ಭಾಗ ಓದಬೇಕು ಅನ್ನೋದು ಅವಳ ಇಷ್ಟ. ಕೀರ್ತನೆಗಳು ಸರಿ. ಯೆಶಾಯ ಸರಿ. ಯೇಸುವಿನ ಸುವಾರ್ತೆಗಳನ್ನು ಎಷ್ಟು ಸಲ ಕೇಳಿದರೂ ಬೇಸರವಿಲ್ಲ. ಯೇಸುವಿನ ಕಾಲದ ನಂತರ ಕ್ರೈಸ್ತ ಸಭೆಗಳಿಗೆ ಅಪೊಸ್ತಲ ಪೌಲ ಬರೆದ ಪತ್ರಗಳು ಮಾತ್ರ ಬೇಡವೇ ಬೇಡ. ಅಪರೂಪಕ್ಕೊಮ್ಮೆ, ಪ್ರೀತಿಯ ಬಗ್ಗೆ ಇರುವ 1 ಕೊರಿಂಥ 13ನೇ ಅಧ್ಯಾಯ ಓದು ಅನ್ನುತ್ತಿದ್ದಳು, ಅಷ್ಟೇ.

ಹುಡುಗ ದೊಡ್ಡವನಾಗಿ ಕಾಲೇಜು ಸೇರಿದ. ರಜೆಗೆ ಬಂದಾಗ ಧೈರ್ಯ ಮಾಡಿ ಕೇಳಿಯೇ ಬಿಟ್ಟ, ಪೌಲ ಯಾಕೆ ಬೇಡ ಅಂತ. ಅಜ್ಜಿ ಹೇಳಿದ್ದಿಷ್ಟು: ಗುಲಾಮಗಿರಿಯ ಕಾಲದಲ್ಲಿ ಧಣಿ ಕರೆಸುತ್ತಿದ್ದ ಬಿಳಿಯ ಪಾದ್ರಿ ಯಾವಾಗ ಪ್ರಸಂಗಕ್ಕೆ ನಿಂತರೂ ಪೌಲನ ಅದೇ ಮಾತು ಎತ್ತಿಕೊಳ್ಳುತ್ತಿದ್ದ, ದಾಸರೇ ಯಜಮಾನರಿಗೆ ವಿಧೇಯರಾಗಿರಿ ಅಂತ. ಮುಂದೆ ಬಿಡುಗಡೆ ಸಿಕ್ಕಿ ನಾನೂ ಓದು ಕಲಿತರೆ ಆ ಭಾಗ ಮಾತ್ರ ಓದುವುದಿಲ್ಲ ಅಂತ ಆಗಲೇ ದೇವರಿಗೆ ಮಾತು ಕೊಟ್ಟಿದ್ದಳಂತೆ.

ಆ ಹುಡುಗ ಹೊವಾರ್ಡ್ ಥರ್ಮನ್. ಮುಂದೆ ಹೆಸರಾಂತ ಪಾಸ್ಟರ್ ಆದರು, 1936ರಲ್ಲಿ ನಮ್ಮ ದೇಶಕ್ಕೆ ಬಂದಾಗ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಭೇಟಿಯಾದರು. ಅಜ್ಜಿಯ ಈ ಮಾತನ್ನು ಅವರೇ ಬರೆದಿಟ್ಟಿದ್ದಾರೆ.

ನನಗೆ ಈ ಅಜ್ಜಿ ತುಂಬಾ ಮುಖ್ಯ ಅನಿಸುತ್ತಾಳೆ. ಅವಳು ಬೈಬಲನ್ನು ಬಿಡಲಿಲ್ಲ. ಪಾದ್ರಿ ಹೇಳಿದ್ದನ್ನು ಒಪ್ಪಲೂ ಇಲ್ಲ. ಪಾದ್ರಿಯ ಕೈಯಲ್ಲಿದ್ದದ್ದೂ ಅವಳ ಮೊಮ್ಮಗ ಓದುತ್ತಿದ್ದದ್ದೂ ಒಂದೇ ಪುಸ್ತಕ. ಹಾಗಾದರೆ 'ಬೈಬಲ್ ಹೀಗೆ ಹೇಳುತ್ತದೆ, ಆದ್ದರಿಂದ ನಾವು ಹೀಗೆ ಮಾಡಬೇಕು' ಅಂತ ಯಾರಾದರೂ ಹೇಳಿದಾಗ, ಆ 'ಆದ್ದರಿಂದ' ಅನ್ನೋ ಒಂದು ಪದದ ಒಳಗೆ ಎಷ್ಟೊಂದು ಕೆಲಸ ಸದ್ದಿಲ್ಲದೆ ನಡೆದು ಹೋಗಿರುತ್ತದೆ ನೋಡಿ. ಈ ಲೇಖನ ಪೂರ್ತಿ ಆ ಕೆಲಸದ ಬಗ್ಗೆಯೇ.

ಮೊದಲು ಪುಸ್ತಕದ ವಿಷಯ. ಕನ್ನಡದ ಪ್ರೊಟೆಸ್ಟೆಂಟರು ಇದನ್ನು ಸತ್ಯವೇದ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಒಂದು ಪುಸ್ತಕ, ಒಳಗೆ ಒಂದು ಕಪಾಟು. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕ, ಕ್ಯಾಥೋಲಿಕರದ್ದರಲ್ಲಿ 73. ಕಾನೂನು ಇದೆ, ವಂಶಾವಳಿ ಇದೆ, ಪ್ರೇಮಗೀತೆ ಇದೆ, ಗೋಳು ಇದೆ, ಗಾದೆ ಇದೆ, ಯಾರೋ ಯಾರಿಗೋ ಬರೆದ ಕಾಗದ ಇದೆ. ಇವೆಲ್ಲವೂ ಒಂದೇ ದನಿಯಲ್ಲಿ 'ಇದನ್ನು ಮಾಡು' ಅಂತ ಹೇಳುವುದಿಲ್ಲ. ರಾಜ ದಾವೀದ ಬತ್ಷೆಬೆಯ ಗಂಡನನ್ನು ಕೊಲ್ಲಿಸಿದ ಕಥೆ ಬೈಬಲಿನಲ್ಲಿದೆ, ಹಾಗಂತ ಅದು ಮಾದರಿ ಅಲ್ವಲ್ಲ. ಇದು ಎಲ್ಲರಿಗೂ ಗೊತ್ತು. ಕಷ್ಟ ಶುರುವಾಗುವುದು ನೇರ ಅಪ್ಪಣೆಗಳು ಇರುವ ಕಡೆ.

ಯಾಜಕಕಾಂಡದ 19ನೇ ಅಧ್ಯಾಯ ತೆಗೆಯಿರಿ. 18ನೇ ವಚನದಲ್ಲಿ 'ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು' ಅನ್ನುವ ಮಾತಿದೆ. ಲೋಕಕ್ಕೆಲ್ಲ ಗೊತ್ತಿರುವ ಮಾತು. ಬೆರಳನ್ನು ಒಂದೇ ಒಂದು ಸಾಲು ಕೆಳಗೆ ಇಳಿಸಿ. 19ನೇ ವಚನ: ಹೊಲದಲ್ಲಿ ಎರಡು ಬಗೆಯ ಬೀಜ ಬೆರೆಸಿ ಬಿತ್ತಬೇಡ, ಎರಡು ಬಗೆಯ ನೂಲಿನ ಬಟ್ಟೆ ಹಾಕಬೇಡ. ಭಾನುವಾರ ಚರ್ಚಿನಲ್ಲಿ ಹತ್ತಿ-ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಅಂಗಿ ಹಾಕಿಕೊಂಡು ನೆರೆಯವನ ಪ್ರೀತಿಯ ಬಗ್ಗೆ ಪ್ರಸಂಗ ಕೇಳುವವರಲ್ಲಿ ಯಾರಿಗೂ ಇದು ಚುಚ್ಚುವುದಿಲ್ಲ. ಅದೇ ಪುಸ್ತಕದ 11ನೇ ಅಧ್ಯಾಯ ಹಂದಿ ತಿನ್ನಬೇಡ ಅನ್ನುತ್ತದೆ. ಮಂಗಳೂರಿನ ಕ್ಯಾಥೋಲಿಕರ ಮನೆಯ ಹಬ್ಬಕ್ಕೆ ಹೋಗಿ ಈ ಮಾತು ಹೇಳಿ ನೋಡಿ! 'ಸಣ್ಣ' ಅನ್ನುವ ಇಡ್ಲಿಯಂಥ ತಿಂಡಿಯ ಜೊತೆ ದುಕ್ರಾ ಮಾಸ್, ಅಂದರೆ ಹಂದಿ ಮಾಂಸ, ಇಲ್ಲದೆ ಅಲ್ಲಿ ಹಬ್ಬವೇ ಆಗುವುದಿಲ್ಲ.

ಹಾಗಂತ ಇವರೆಲ್ಲ ತಮಗೆ ಬೇಕಾದ್ದು ಆರಿಸಿಕೊಂಡಿದ್ದಾರೆ ಅಂತ ನಕ್ಕು ಬಿಡುವುದು ಸುಲಭ. ಆರಿಸಿಕೊಂಡದ್ದು ನಿಜ, ಆದರೆ ಅದಕ್ಕೆ ಕಾರಣ ಕೊಡುತ್ತಾರೆ. ಹಳೆಯ ದೈವಶಾಸ್ತ್ರಿಗಳು ಮೋಶೆಯ ಕಾನೂನನ್ನು, ಅಂದರೆ ದೇವರು ಮೋಶೆಯ ಮೂಲಕ ಇಸ್ರಾಯೇಲರಿಗೆ ಕೊಟ್ಟ ಅಂತ ನಂಬುವ ಕಾನೂನನ್ನು, ಮೂರು ಪಾಲು ಮಾಡಿದರು. ನೀತಿಯದ್ದು, ಪೂಜೆ-ಶುದ್ಧಿಯದ್ದು, ಇಸ್ರಾಯೇಲ್ ನಾಡಿನ ಆಡಳಿತದ್ದು. ಮೊದಲನೆಯದು ಎಲ್ಲ ಕಾಲಕ್ಕೂ, ಉಳಿದೆರಡು ಆ ಕಾಲಕ್ಕೆ. ಲೆಕ್ಕ ಚೆನ್ನಾಗಿದೆ. ತೊಂದರೆ ಏನಂದರೆ ಬೈಬಲಿನಲ್ಲಿ ಯಾವ ವಚನದ ಮೇಲೂ 'ಇದು ನೀತಿ, ಇದು ಶುದ್ಧಿ' ಅಂತ ಚೀಟಿ ಅಂಟಿಸಿಲ್ಲ. 18 ಮತ್ತು 19ರ ನಡುವೆ ಒಂದು ಗೆರೆ ಕೂಡ ಇಲ್ಲ. ಚೀಟಿ ಅಂಟಿಸುವವರು ಓದುವವರೇ. ಹಾಗಾದರೆ ಯಾವ ಆಧಾರದ ಮೇಲೆ?

ಇಲ್ಲಿ ಯೇಸು ತಾನೇ ಗ್ರಂಥವನ್ನು ಹೇಗೆ ಬಳಸಿದ ಅಂತ ನೋಡುವುದು ಒಳ್ಳೆಯದು. ಸಬ್ಬತ್ ದಿನ, ಅಂದರೆ ಯೆಹೂದ್ಯರು ಕೆಲಸ ಮಾಡದ ವಾರದ ವಿಶ್ರಾಂತಿಯ ದಿನ, ಶಿಷ್ಯರು ಹೊಲದ ಬದಿಯಲ್ಲಿ ನಡೆಯುತ್ತಾ ತೆನೆ ಕಿತ್ತು ತಿಂದರು. ಕಾನೂನನ್ನು ಬಿಗಿಯಾಗಿ ಪಾಲಿಸುತ್ತಿದ್ದ ಫರಿಸಾಯರು ಎಂಬ ಯೆಹೂದ್ಯ ಪಂಗಡದವರು ಹಿಡಿದುಕೊಂಡರು, ಇದು ಸಬ್ಬತ್ ಮುರಿದ ಹಾಗೆ ಅಂತ. ಯೇಸು ಕಾನೂನು ಹಳೆಯದಾಯಿತು, ಬಿಡಿ ಅನ್ನಲಿಲ್ಲ. ಅದೇ ಗ್ರಂಥದಿಂದ ಇನ್ನೊಂದು ಕಥೆ ತೆಗೆದ. ದಾವೀದ ಹಸಿದಾಗ ಯಾಜಕರಿಗೆ ಮಾತ್ರ ಮೀಸಲಿದ್ದ ರೊಟ್ಟಿ ತಿಂದದ್ದನ್ನು ನೀವು ಓದಿಲ್ಲವಾ ಅಂತ ಕೇಳಿದ. ಆಮೇಲೆ ಹೇಳಿದ, ಸಬ್ಬತ್ ಇರುವುದು ಮನುಷ್ಯರಿಗೋಸ್ಕರ, ಮನುಷ್ಯರು ಇರುವುದು ಸಬ್ಬತ್ತಿಗೋಸ್ಕರ ಅಲ್ಲ ಅಂತ.

ಇದನ್ನು ಓದಿ ಯೇಸು ಅಂದರೆ ಸಡಿಲ ಅಂದುಕೊಂಡರೆ ತಪ್ಪು. ವಿಚ್ಛೇದನದ ಪ್ರಶ್ನೆ ಬಂದಾಗ ಆದದ್ದು ತಿರುಗುಮುರುಗು. ಮೋಶೆ ತ್ಯಾಗಪತ್ರ ಕೊಟ್ಟು ಹೆಂಡತಿಯನ್ನು ಬಿಡಬಹುದು ಅಂದಿದ್ದಾನಲ್ಲ ಅಂತ ಕೇಳಿದರು. ನಿಮ್ಮ ಕಲ್ಲು ಮನಸ್ಸು ನೋಡಿ ಮೋಶೆ ಹಾಗೆ ಬಿಟ್ಟ, ಮೊದಲಿಂದ ಹಾಗಿರಲಿಲ್ಲ ಅಂತ ಯೇಸು ಆದಿಕಾಂಡಕ್ಕೆ ಹೋದ. ಒಂದು ಕಡೆ ನಿಯಮ ಸಡಿಲವಾಯಿತು, ಇನ್ನೊಂದು ಕಡೆ ಬಿಗಿಯಾಯಿತು. ಆದರೆ ಎರಡೂ ಕಡೆ ವಾದದ ದಾರಿ ಒಂದೇ. ಒಂದು ವಚನವನ್ನು ಇನ್ನೊಂದು ವಚನದ ಬೆಳಕಿನಲ್ಲಿ ಓದುವುದು, ನಿಯಮ ಯಾಕೆ ಬಂತು ಅಂತ ಕೇಳುವುದು. ದೊಡ್ಡ ಆಜ್ಞೆ ಯಾವುದು ಅಂತ ಕೇಳಿದಾಗ ದೇವರ ಪ್ರೀತಿ, ನೆರೆಯವನ ಪ್ರೀತಿ ಎರಡನ್ನೂ ಜೋಡಿಸಿ, ಇಡೀ ಧರ್ಮಶಾಸ್ತ್ರವೂ ಪ್ರವಾದಿಗಳೂ ಈ ಎರಡಕ್ಕೆ ತೂಗುಬಿದ್ದಿವೆ ಅಂದ. ಕೆಲವು ಮಾತು ಮೊಳೆ, ಉಳಿದವು ಅದಕ್ಕೆ ನೇತು ಹಾಕಿದ ಬಟ್ಟೆ ಅಂತ ಯೇಸುವೇ ಹೇಳಿದ ಹಾಗಾಯಿತು.

ಮೊದಲ ಕ್ರೈಸ್ತರಿಗೂ ಇದೇ ತಲೆನೋವು ಬಂತು. ಯೆಹೂದ್ಯರಲ್ಲದವರು ಸಭೆಗೆ, ಅಂದರೆ ಕ್ರೈಸ್ತ ಸಮುದಾಯಕ್ಕೆ, ಸೇರಿದರೆ ಸುನ್ನತಿ ಮಾಡಿಸಬೇಕಾ? ಆದಿಕಾಂಡ 17 ಸ್ಪಷ್ಟವಾಗಿ ಅದು ಶಾಶ್ವತ ಒಡಂಬಡಿಕೆ ಅನ್ನುತ್ತದೆ. ವಚನ ಹುಡುಕಿ ಮುಗಿಸುವ ವಿಷಯವಾಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆ ಹೇಗೆ ನಡೆಯಿತು ನೋಡಿ. ಮೊದಲು ಜೋರು ಜಗಳ. ಆಮೇಲೆ ಪೇತ್ರ ತಾನು ಕಣ್ಣಾರೆ ಕಂಡದ್ದನ್ನು ಹೇಳಿದ. ಬಾರ್ನಬನೂ ಪೌಲನೂ ತಮ್ಮ ಅನುಭವ ಹೇಳಿದರು. ಕೊನೆಗೆ ಯಾಕೋಬ ಎದ್ದು ಇದಕ್ಕೆ ಪ್ರವಾದಿ ಆಮೋಸನ ಮಾತು ಹೊಂದುತ್ತದೆ ಅಂದ. ಸುನ್ನತಿ ಬೇಡ ಅಂತ ತೀರ್ಮಾನವಾಯಿತು. ಅನುಭವ, ಚರ್ಚೆ, ಗ್ರಂಥ, ಕೂಡಿ ಕೂತು ಕೇಳುವ ಸಮುದಾಯ, ಇಷ್ಟೂ ಬೇಕಾಯಿತು. ಅಂದಹಾಗೆ ಅದೇ ಸಭೆ ರಕ್ತ ತಿನ್ನಬೇಡಿ ಅಂತಲೂ ಹೇಳಿತ್ತು. ಹಂದಿಯ ರಕ್ತ ಹಾಕಿ ಸೊರ್ಪೊತೆಲ್ ಮಾಡುವವರು ಆ ಸಾಲನ್ನು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ!

ಈಗ ಗುಲಾಮಗಿರಿಗೆ ಬರೋಣ. ಬೈಬಲನ್ನು ಹೇಗೆ ಓದಬೇಕು ಅನ್ನುವ ಪ್ರಶ್ನೆಗೆ ಇಷ್ಟು ರಕ್ತ ಹರಿದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

19ನೇ ಶತಮಾನದ ಅಮೆರಿಕದ ದಕ್ಷಿಣ ರಾಜ್ಯಗಳ ಪಾದ್ರಿಗಳು ಅರ್ಧಂಬರ್ಧ ಓದಿದವರಲ್ಲ. ಅವರ ವಾದ ಹೀಗೆ: ಅಬ್ರಹಾಮನಿಗೆ ದಾಸರಿದ್ದರು. ಮೋಶೆಯ ಕಾನೂನು ದಾಸರನ್ನು ಇಟ್ಟುಕೊಳ್ಳಲು ಬಿಟ್ಟಿದೆ. ಯೇಸು ಅದರ ವಿರುದ್ಧ ಒಂದು ಮಾತೂ ಆಡಿಲ್ಲ. ಎಫೆಸದವರಿಗೆ ಬರೆದ ಪತ್ರದ 6:5 ದಾಸರಿಗೆ ವಿಧೇಯರಾಗಿರಿ ಅನ್ನುತ್ತದೆ. ಒನೇಸಿಮ ಎಂಬ ದಾಸನನ್ನು ಪೌಲ ಅವನ ಯಜಮಾನ ಫಿಲೆಮೋನನ ಹತ್ತಿರ ವಾಪಸ್ ಕಳಿಸಿದ. ಇನ್ನೇನು ಬೇಕು?

ನಿಜ ಹೇಳಬೇಕೆಂದರೆ ವಚನ ಎಣಿಸುವ ಆಟದಲ್ಲಿ ಇವರೇ ಗೆಲ್ಲುತ್ತಿದ್ದರು. ಗುಲಾಮಗಿರಿ ಪಾಪ ಅಂತ ನೇರವಾಗಿ ಹೇಳುವ ವಚನ ಬೈಬಲಿನಲ್ಲಿ ಇಲ್ಲ. ವಿರೋಧಿಗಳು ಬೇರೆ ದಾರಿ ಹಿಡಿದರು. 1688ರಲ್ಲೇ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ನಾಲ್ಕು ಜನ ಒಂದು ಮನವಿ ಬರೆದರು. ಅದರ ಬೇರು ಒಂದೇ ಮಾತು: ಜನರು ನಿಮಗೆ ಏನು ಮಾಡಬೇಕು ಅಂತ ಬಯಸುತ್ತೀರೋ ಅದನ್ನೇ ನೀವೂ ಅವರಿಗೆ ಮಾಡಿ. ಮುಂದೆ ಬಂದವರು ಮನುಷ್ಯರನ್ನು ಕದ್ದು ಮಾರುವವನಿಗೆ ಮರಣದಂಡನೆ ಅನ್ನುವ ವಿಮೋಚನಕಾಂಡ 21:16 ತೋರಿಸಿದರು. ಹಡಗಿನಲ್ಲಿ ತುಂಬಿ ತಂದವರೆಲ್ಲ ಕದ್ದು ತಂದವರೇ ಅಲ್ವಾ? 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕು ಅಂತ ಅಮೆರಿಕದಲ್ಲಿ ಕಾನೂನು ಬಂತು. ತಪ್ಪಿಸಿಕೊಂಡು ಬಂದ ದಾಸನನ್ನು ಯಜಮಾನನಿಗೆ ಒಪ್ಪಿಸಬೇಡ ಅನ್ನುತ್ತದೆ ಧರ್ಮೋಪದೇಶಕಾಂಡ 23:15. ಒಂದು ಕಡೆಯವರು ಫಿಲೆಮೋನನ ಪತ್ರ ಹಿಡಿದರು, ಇನ್ನೊಂದು ಕಡೆಯವರು ಇದನ್ನು ಹಿಡಿದರು.

ಅಮೆರಿಕದ ದೊಡ್ಡ ಪ್ರೊಟೆಸ್ಟೆಂಟ್ ಪಂಗಡಗಳು ಒಡೆದವು. 1844ರಲ್ಲಿ ಮೆಥಡಿಸ್ಟರು, 1845ರಲ್ಲಿ ಬ್ಯಾಪ್ಟಿಸ್ಟರು. ದಕ್ಷಿಣದ ಬ್ಯಾಪ್ಟಿಸ್ಟರ ಒಕ್ಕೂಟ ಹುಟ್ಟಿದ್ದೇ ಈ ಜಗಳದಲ್ಲಿ, ಅವರು ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ ಆದ ಮೇಲೆ. ಎರಡೂ ಕಡೆಯವರು ಓದುವುದು ಅದೇ ಬೈಬಲ್, ಪ್ರಾರ್ಥಿಸುವುದು ಅದೇ ದೇವರನ್ನು ಅಂತ ಅಮೆರಿಕದ ಅಧ್ಯಕ್ಷ ಲಿಂಕನ್ 1865ರಲ್ಲಿ ಹೇಳಿದ್ದು ಇದೇ ಸಂಕಟದಿಂದ.

ಇನ್ನೊಂದು ಪುಸ್ತಕದ ವಿಷಯ ಇಲ್ಲಿ ಹೇಳಲೇಬೇಕು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗೋಸ್ಕರ ಅಂತಲೇ ಒಂದು ಬೈಬಲ್ ಅಚ್ಚು ಹಾಕಿದರು. ಸಾಮಾನ್ಯ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 1189 ಅಧ್ಯಾಯ, ಇದರಲ್ಲಿ ಉಳಿದದ್ದು ಬರೀ 232. ಯೋಸೇಫ ದಾಸನಾಗಿ ಐಗುಪ್ತಕ್ಕೆ (ಈಜಿಪ್ಟಿಗೆ) ಹೋದ ಕಥೆ ಇತ್ತು. ಇಸ್ರಾಯೇಲರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾಗಿ ಹೊರಟ ಕಥೆ ಇರಲಿಲ್ಲ. ದಾಸರೇ ವಿಧೇಯರಾಗಿರಿ ಇತ್ತು. ಕ್ರಿಸ್ತನಲ್ಲಿ ದಾಸನೂ ಇಲ್ಲ, ಸ್ವತಂತ್ರನೂ ಇಲ್ಲ ಅನ್ನುವ ಗಲಾತ್ಯ 3:28 ಇರಲಿಲ್ಲ. ಕತ್ತರಿ ಆಡಿಸಿದವರಿಗೆ ಈ ಪುಸ್ತಕ ಯಾವ ಕಡೆಗೆ ಎಳೆಯುತ್ತದೆ ಅಂತ ಚೆನ್ನಾಗಿಯೇ ಗೊತ್ತಿತ್ತು. ಅವರು ಕಿತ್ತು ಹಾಕಿದ್ದನ್ನೇ ಫ್ಲೋರಿಡಾದ ಅಜ್ಜಿ ಮತ್ತೆ ಮತ್ತೆ ಓದಿಸಿಕೊಂಡಳು ಅಂತ ನನಗೆ ಅನಿಸುತ್ತದೆ.

ಗಲಾತ್ಯ 3:28 ನಮ್ಮ ಕಡೆಯೂ ಜಗಳ ಎಬ್ಬಿಸಿದೆ, ಜಾತಿಯ ವಿಷಯದಲ್ಲಿ. ದಕ್ಷಿಣ ಭಾರತದ ಹಲವು ಸಭೆಗಳಲ್ಲಿ ಜಾತಿಗೊಂದು ಕಡೆ ಕೂರಿಸುವುದು, ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ಮೊದಲು ಮೇಲಿನವರು ಆಮೇಲೆ ಕೆಳಗಿನವರು, ಇವೆಲ್ಲ ನಡೆದೇ ಇತ್ತು. ಅದು ನಾಡಿನ ಪದ್ಧತಿ, ಧರ್ಮಕ್ಕೆ ಸಂಬಂಧವಿಲ್ಲ ಅನ್ನುವ ಮಿಷನರಿಗಳೂ ಇದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಭೇದವನ್ನು ಸಭೆಯೊಳಗೆ ಕೂಡಲೇ ಬಿಡಬೇಕು, ಪೂರ್ತಿ ಬಿಡಬೇಕು ಅಂತ ಪತ್ರ ಬರೆದರು. ಕಾಗದದ ಮೇಲೆ ಮುಗಿಯಿತು, ಸ್ಮಶಾನದಲ್ಲಿ ಮುಗಿಯಲಿಲ್ಲ. ಇವತ್ತಿಗೂ ದಲಿತ ಕ್ರೈಸ್ತರಿಗೆ ಬೇರೆ ಮಣ್ಣು ಕೊಡುವ ಊರುಗಳಿವೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ಮುಂದೆ ದಲಿತ ದೈವಶಾಸ್ತ್ರ ಅಂತ ಬೆಳೆದದ್ದರ ಬೀಜ ಅದರಲ್ಲಿತ್ತು. ಅವರು ಹಿಡಿದ ವಚನ ಧರ್ಮೋಪದೇಶಕಾಂಡ 26ರದ್ದು. ನಮ್ಮ ಮೂಲಪುರುಷ ನೆಲೆಯಿಲ್ಲದೆ ಅಲೆದವನು, ದೇವರು ನಮ್ಮ ಕೂಗು ಕೇಳಿದ ಅನ್ನುವ ಭಾಗ. ಮೇಲ್ಜಾತಿಯಿಂದ ಬಂದ ಕ್ರೈಸ್ತ ಅದೇ ಭಾಗವನ್ನು ಸುಗ್ಗಿಯ ಕಾಣಿಕೆಯ ಪ್ರಾರ್ಥನೆ ಅಂತ ಓದಿ ಮುಂದೆ ಹೋಗಬಹುದು. ಓದುವವರು ಎಲ್ಲಿ ನಿಂತಿದ್ದಾರೆ ಅನ್ನೋದು ಓದಿನೊಳಗೆ ಬಂದೇ ಬರುತ್ತದೆ.

ಹಾಗಾದರೆ ಕೊನೆಯ ಮಾತು ಯಾರದ್ದು? ಇಲ್ಲಿ ಸಭೆಗಳು ಬೇರೆ ಬೇರೆ ದಾರಿ. ಕ್ಯಾಥೋಲಿಕರು ಬೈಬಲಿನ ಜೊತೆಗೆ ಪರಂಪರೆ, ಅದನ್ನು ಅರ್ಥೈಸುವ ಪೋಪ್ ಮತ್ತು ಬಿಷಪರ ಅಧಿಕಾರ ಎರಡನ್ನೂ ಇಟ್ಟುಕೊಂಡಿದ್ದಾರೆ. ಮನುಷ್ಯನ ಬುದ್ಧಿಗೆ ಸಹಜವಾಗಿ ತಿಳಿಯುವ ನೀತಿಗೂ ಅಲ್ಲಿ ದೊಡ್ಡ ಜಾಗ ಇದೆ. ಬೈಬಲ್ ಒಂದೇ ಸಾಕು ಅಂದವರು ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಮತ್ತು ಅವರ ಹಿಂದೆ ಬಂದವರು. ಆದರೆ ಅದೇ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ, ಅಂದರೆ ಅಷ್ಟೇನೂ ತೂಕವಿಲ್ಲದ್ದು, ಅಂತ ಕರೆದರು. ಅವರ ಕೈಯಲ್ಲೂ ಒಂದು ತಕ್ಕಡಿ ಇತ್ತು ಅಂತಾಯಿತು. ಮೆಥಡಿಸ್ಟರು ಇದನ್ನು ಮುಚ್ಚಿಡದೆ ಹೇಳುತ್ತಾರೆ: ಬೈಬಲ್ ಮೊದಲು, ಜೊತೆಗೆ ಪರಂಪರೆ, ವಿವೇಚನೆ, ಅನುಭವ. ಅವರ ಗುರು ಜಾನ್ ವೆಸ್ಲಿ 1774ರಲ್ಲಿ ಗುಲಾಮಗಿರಿಯ ವಿರುದ್ಧ ಬರೆದಾಗ ವಚನಗಳನ್ನು ಪೋಣಿಸಲಿಲ್ಲ. ಆಫ್ರಿಕಾದಲ್ಲಿ ಜನರನ್ನು ಹೇಗೆ ಹಿಡಿಯುತ್ತಾರೆ, ಹಡಗಿನಲ್ಲಿ ಎಷ್ಟು ಜನ ಸಾಯುತ್ತಾರೆ ಅನ್ನುವುದನ್ನು ಹೇಳಿ, ನ್ಯಾಯದ ಪ್ರಶ್ನೆ ಎತ್ತಿದರು. ಪೆಂಟೆಕೋಸ್ಟಲ್ ಸಭೆಗಳಲ್ಲಿ ಪವಿತ್ರಾತ್ಮ ಈಗ, ಇಲ್ಲಿ ಏನು ಹೇಳುತ್ತಿದ್ದಾನೆ ಅನ್ನುವುದಕ್ಕೆ ತೂಕ ಜಾಸ್ತಿ.

ಇದರಿಂದ ಒಂದೇ ಪ್ರಶ್ನೆಗೆ ಪಕ್ಕದ ಬೀದಿಯ ಎರಡು ಚರ್ಚುಗಳಲ್ಲಿ ಎರಡು ಉತ್ತರ. ಹೆಂಗಸರು ಉಪದೇಶ ಮಾಡುವುದನ್ನು ನಾನು ಒಪ್ಪುವುದಿಲ್ಲ ಅಂತ 1 ತಿಮೊಥೆ 2:12 ಹೇಳುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಸಭೆಯ ಸೇವಕಿ ಫೊಯಿಬೆಯನ್ನು ಗೌರವದಿಂದ ಬರಮಾಡಿಕೊಳ್ಳಿ ಅಂತ ಇದೆ. ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆಯಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) 1976ರಲ್ಲಿ ಹೆಂಗಸರಿಗೆ ಗುರುದೀಕ್ಷೆ ಕೊಡಲು ಶುರು ಮಾಡಿತು, 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಬಿಷಪ್ ಆದರು. ಕ್ಯಾಥೋಲಿಕ್ ಸಭೆ 1994ರಲ್ಲಿ ತನಗೆ ಆ ಅಧಿಕಾರವೇ ಇಲ್ಲ ಅಂತ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿತು. ಇನ್ನು ಬಡ್ಡಿ. ಬಡವರಿಂದ ಬಡ್ಡಿ ತೆಗೆಯಬೇಡ ಅನ್ನುವ ವಚನಗಳು ಹಳೆಯ ಒಡಂಬಡಿಕೆಯಲ್ಲಿ ಸಾಕಷ್ಟಿವೆ. ಶತಮಾನಗಟ್ಟಲೆ ಸಭೆ ಬಡ್ಡಿಯನ್ನೇ ಪಾಪ ಅಂದಿತು. ಈಗ ಯಾರೂ ಎತ್ತುವುದಿಲ್ಲ. ಮಂಗಳೂರಿನಲ್ಲಿ ಕ್ಯಾಥೋಲಿಕರ ಸಹಕಾರಿ ಬ್ಯಾಂಕೇ 1912ರಲ್ಲಿ ಶುರುವಾಯಿತು. ಬಡ್ಡಿಯ ಬಗ್ಗೆ ಬೈಬಲ್ ಇಷ್ಟು ಮಾತಾಡಿಯೂ ಪ್ರಸಂಗಗಳಲ್ಲಿ ಅದು ಕಾಣೆಯಾದದ್ದು ನನಗಂತೂ ಸ್ವಲ್ಪ ಅನುಮಾನ ತರಿಸುತ್ತದೆ. ಅನುಕೂಲವಾದಾಗ ಮಾತ್ರ 'ಅದು ಆ ಕಾಲದ್ದು' ಅನ್ನುತ್ತೇವಾ ಅಂತ.

ಬೈಬಲ್ ಮಾತೇ ಆಡದ ವಿಷಯಗಳು ಬೇರೆ ಇವೆ. ನಮ್ಮ ಪರಿಚಯದ ಒಂದು ಕುಟುಂಬ. ಅಪ್ಪ ವೆಂಟಿಲೇಟರಿನಲ್ಲಿ, ಹನ್ನೊಂದನೇ ದಿನ. ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂವರು ಮಕ್ಕಳು. ದೊಡ್ಡವನು ಕೊಲೆ ಮಾಡಬೇಡ ಅನ್ನುವ ಆಜ್ಞೆ ಹೇಳಿದ. ಮಗಳು ಬೈಬಲಿನ ಪ್ರಸಂಗಿ ಪುಸ್ತಕದಲ್ಲಿರುವ 'ಸಾಯುವ ಸಮಯ' ಅನ್ನುವ ಮಾತು ಹೇಳಿದಳು. ಚಿಕ್ಕವನು ಏನೂ ಹೇಳದೆ ಫೋನಿನಲ್ಲಿ ಬಿಲ್ಲು ನೋಡುತ್ತಿದ್ದ. ಫಾದರ್ ಬಂದರು, ಯಾವ ವಚನವನ್ನೂ ಹೇಳಲಿಲ್ಲ. ಡಾಕ್ಟರ್ ಏನಂದರು, ಅಪ್ಪ ಮೊದಲೇನಾದರೂ ಹೇಳಿದ್ರಾ ಅಂತ ಕೇಳಿದರು. ಗುಣವಾಗುವ ಆಸೆಯೇ ಇಲ್ಲದಾಗ ಮಿತಿಮೀರಿದ ಉಪಾಯಗಳಿಂದ ಉಸಿರು ಹಿಡಿದಿಡಲೇಬೇಕು ಅಂತ ಇಲ್ಲ ಅಂತ ಪೋಪ್ 12ನೇ ಪಯಸ್ 1957ರಲ್ಲೇ ಅರಿವಳಿಕೆ ವೈದ್ಯರಿಗೆ ಹೇಳಿದ್ದನ್ನು ವಿವರಿಸಿದರು. ಕೊಲ್ಲುವುದು ಬೇರೆ, ಸಾವನ್ನು ಬರಬಿಡುವುದು ಬೇರೆ ಅಂದರು. ಆಮೇಲೆ ಎಲ್ಲರೂ 23ನೇ ಕೀರ್ತನೆ ಓದಿದರು. ಆ ಕೀರ್ತನೆ ಅವರಿಗೆ ಏನು ಮಾಡಬೇಕು ಅಂತ ಹೇಳಲಿಲ್ಲ. ಆದರೆ ಓದಿ ಮುಗಿದ ಮೇಲೆ ದೊಡ್ಡವನ ದನಿ ಇಳಿದಿತ್ತು. ಬೈಬಲ್ ಮಾಡುವ ಕೆಲಸದಲ್ಲಿ ಇದೂ ಒಂದು, ತೀರ್ಮಾನ ತೆಗೆದುಕೊಳ್ಳುವವರ ಮನಸ್ಸನ್ನೇ ಹದ ಮಾಡುವುದು. ಬಹುಶಃ ಇದೇ ಜಾಸ್ತಿ.

ಆ ಫಿಲೆಮೋನನ ಪತ್ರಕ್ಕೆ ಒಮ್ಮೆ ವಾಪಸ್ ಬರಬೇಕು. ಗುಲಾಮರ ಧಣಿಗಳು ಅಷ್ಟೊಂದು ಮೆಚ್ಚಿದ ಪತ್ರ ಅದು. ಒಂದೇ ಅಧ್ಯಾಯ, 25 ವಚನ, ಐದು ನಿಮಿಷದ ಓದು. ಪೌಲ ಒನೇಸಿಮನನ್ನು ವಾಪಸ್ ಕಳಿಸಿದ್ದು ನಿಜ. ಆದರೆ ನಾನು ಅಪ್ಪಣೆ ಮಾಡಬಹುದಿತ್ತು, ಮಾಡುವುದಿಲ್ಲ, ಪ್ರೀತಿಯಿಂದ ಕೇಳುತ್ತೇನೆ ಅನ್ನುತ್ತಾನೆ. ಇವನನ್ನು ಇನ್ನು ದಾಸ ಅಂತ ಸೇರಿಸಿಕೊಳ್ಳಬೇಡ, ಪ್ರಿಯ ತಮ್ಮ ಅಂತ ಸೇರಿಸಿಕೋ, ನನ್ನನ್ನೇ ಸೇರಿಸಿಕೊಂಡ ಹಾಗೆ. ಅವನ ಸಾಲ ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು. ನನಗೊಂದು ಕೋಣೆ ಸಿದ್ಧ ಮಾಡಿಡು, ಬರುತ್ತೇನೆ ಅಂತಲೂ ಸೇರಿಸುತ್ತಾನೆ, ಬಂದು ನೋಡುತ್ತೇನೆ ಅನ್ನುವ ಹಾಗೆ. ಕಾಗದ ಓದಿದ ಮೇಲೆ ಫಿಲೆಮೋನ ಏನು ಮಾಡಿದ ಅಂತ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ.